ತಮಾಷೆ ಬಂಗಲೆಯ ಮುಂದೆ ಮತ್ತೆ ಜನ: ಸಂಗ್ರಹಾಲಯಗಳ ಕಾರ್ಯಾಗಾರ ಯಾರಿಗಾಗಿ?

ಬೆಂಗಳೂರಿನ ಕಸ್ತೂರಬಾ ರಸ್ತೆಯ ಕೆಂಪು ಬಣ್ಣದ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಊರಿನ ಹಿಂದಿನ ಜನ ಇಟ್ಟಿದ್ದ ಹೆಸರು 'ತಮಾಷೆ ಬಂಗಲೆ'. ಕಲ್ಕತ್ತೆಯವರು ತಮ್ಮದನ್ನು ಜಾದೂಘರ್ ಎಂದರು, ಲಾಹೋರಿನವರು ಅಜಾಯಬ್ ಘರ್ ಎಂದರು. ಜನರ ಬಾಯಲ್ಲಿ ಹುಟ್ಟಿದ ಈ ಮೂರೂ ಹೆಸರುಗಳಲ್ಲಿ ನೋಡುವವನ ಬೆರಗಿದೆ. ವಿದ್ವಾಂಸರು ರೂಪಿಸಿದ 'ವಸ್ತುಸಂಗ್ರಹಾಲಯ' ಎಂಬ ಪದದಲ್ಲಿ ವಸ್ತುವಿದೆ, ಸಂಗ್ರಹವಿದೆ, ಆಲಯವೂ ಇದೆ. ಮನುಷ್ಯ ಮಾತ್ರ ಇಲ್ಲ!

ಆ ಮನುಷ್ಯನನ್ನು ಮರಳಿ ಒಳಗೆ ಕರೆತರುವ ಪ್ರಯತ್ನವೇ ಇಂದು ಸಂಗ್ರಹಾಲಯಗಳಲ್ಲಿ ಮತ್ತು ಕಲಾ ಗ್ಯಾಲರಿಗಳಲ್ಲಿ ಕಾಣುತ್ತಿರುವ ಉಪನ್ಯಾಸ, ಕಾರ್ಯಾಗಾರ, ಮಕ್ಕಳ ಶಿಬಿರ, ಚಲನಚಿತ್ರ ಪ್ರದರ್ಶನ, ವಿವರಣೆಯೊಡನೆ ಸುತ್ತಾಟ ಮುಂತಾದ ಚಟುವಟಿಕೆಗಳ ಹಿಂದಿರುವ ಆಶಯ. ಅಂತಾರಾಷ್ಟ್ರೀಯ ಸಂಗ್ರಹಾಲಯ ಮಂಡಳಿಯು 2022ರ ಆಗಸ್ಟ್ 24ರಂದು ಪ್ರಾಗ್ ನಗರದಲ್ಲಿ ಅಂಗೀಕರಿಸಿದ ಹೊಸ ವ್ಯಾಖ್ಯೆಯು ಇದಕ್ಕೆ ಅಧಿಕೃತ ಮುದ್ರೆಯನ್ನೂ ಒತ್ತಿದೆ. ಸಂಗ್ರಹಿಸುವುದು, ಸಂರಕ್ಷಿಸುವುದು, ಪ್ರದರ್ಶಿಸುವುದು ಎಂಬ ಹಳೆಯ ಕರ್ತವ್ಯಗಳ ಜೊತೆಗೆ, ಎಲ್ಲರಿಗೂ ತೆರೆದಿರಬೇಕು, ಎಲ್ಲರನ್ನೂ ಒಳಗೊಳ್ಳಬೇಕು, ಸಮುದಾಯಗಳ ಪಾಲ್ಗೊಳ್ಳುವಿಕೆಯಿಂದ ನಡೆಯಬೇಕು ಎಂಬ ಮಾತುಗಳು ಆ ವ್ಯಾಖ್ಯೆಯಲ್ಲಿ ಸೇರಿಕೊಂಡಿವೆ.

ಮಾತೇನೋ ಸರಿ. ಆದರೆ 'ಎಲ್ಲರೂ' ಎಂದರೆ ಯಾರು? ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಕಸ್ತೂರಬಾ ರಸ್ತೆಯೊಂದನ್ನೇ ನಡೆದು ನೋಡಿದರೆ ಸಾಕು. ಕೆಲವೇ ನಿಮಿಷಗಳ ನಡಿಗೆಯ ಅಂತರದಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯ, ವೆಂಕಟಪ್ಪ ಆರ್ಟ್ ಗ್ಯಾಲರಿ, ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ಹಾಗೂ ಖಾಸಗಿ ವಲಯದ ಕಲೆ ಮತ್ತು ಛಾಯಾಗ್ರಹಣ ಸಂಗ್ರಹಾಲಯ ಎಂಬ ನಾಲ್ಕು ಸಂಸ್ಥೆಗಳಿವೆ. ಜನರಿಗೆ ಬಾಗಿಲು ತೆರೆಯುವಲ್ಲಿ ನಾಲ್ಕರದ್ದೂ ನಾಲ್ಕು ರೀತಿ.

ನಾಯಿಯ ಕಲ್ಲಿಗೆ ಮಾತು ಬರಬೇಕು

ಇವುಗಳಲ್ಲಿ ಹಿರಿಯದು ಸರ್ಕಾರಿ ವಸ್ತುಸಂಗ್ರಹಾಲಯ. ಶಸ್ತ್ರವೈದ್ಯ ಎಡ್ವರ್ಡ್ ಬಾಲ್ಫರ್ ಅವರ ಪ್ರಯತ್ನದಿಂದ 1865ರಲ್ಲಿ ದಂಡು ಪ್ರದೇಶದ ಹಳೆಯ ಜೈಲು ಕಟ್ಟಡವೊಂದರಲ್ಲಿ ಇದು ಆರಂಭವಾಯಿತು. ಆ ರಸ್ತೆಗೆ ಮ್ಯೂಸಿಯಂ ರಸ್ತೆ ಎಂಬ ಹೆಸರು ಉಳಿದುಕೊಂಡಿತು, ಮ್ಯೂಸಿಯಂ ಮಾತ್ರ 1877ರಲ್ಲಿ ಕರ್ನಲ್ ಸ್ಯಾಂಕಿ ರೂಪಿಸಿದ ಈಗಿನ ಕಟ್ಟಡಕ್ಕೆ ಬಂತು.

ಇಲ್ಲಿನ ಸಂಗ್ರಹದ ಹೆಮ್ಮೆ ಆತಕೂರು ಶಾಸನ. ಕ್ರಿ.ಶ. 949-50ರ ಕಾಲದ್ದು. ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಸಂಗತಿಯನ್ನೂ, ಗಂಗ ಅರಸ ಇಮ್ಮಡಿ ಬೂತುಗನ ಪರಾಕ್ರಮವನ್ನೂ ಹೇಳುವ ಈ ಕಲ್ಲು ನಿಂತಿರುವುದು ನಿಜಕ್ಕೂ ಒಂದು ನಾಯಿಯ ನೆನಪಿಗೆ. ಬೂತುಗನು ತನ್ನ ವೀರ ಮಣಲೆರನಿಗೆ ಮೆಚ್ಚಿ ಏನು ಬೇಕು ಎಂದು ಕೇಳಿದಾಗ, ಆತ ಊರನ್ನೂ ಕೇಳಲಿಲ್ಲ, ಹೊನ್ನನ್ನೂ ಕೇಳಲಿಲ್ಲ. ಅರಸನ ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಆ ಕಾಳಿ ಕಾಡುಹಂದಿಯೊಡನೆ ಕಾದಾಡಿತು, ಎರಡೂ ಸತ್ತವು. ನಾಯಿಗಾಗಿ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು, ಕಲ್ಲನ್ನು ಪೂಜಿಸದೆ ಪೂಜಾರಿ ಊಟ ಮಾಡಬಾರದೆಂಬ ಕಟ್ಟಳೆಯೂ ಕೆತ್ತಲ್ಪಟ್ಟಿತು. ಕಲ್ಲಿನ ಮೇಲೆ ನಾಯಿ ಮತ್ತು ಹಂದಿ ಇಂದಿಗೂ ಎದುರುಬದುರಾಗಿ ಸೆಣಸುತ್ತಿವೆ.

ಇಂಥ ಕಥೆಯನ್ನು ಕೇಳಿದ ಯಾವ ಮಗು ತಾನೇ ಆ ಕಲ್ಲಿನ ಮುಂದೆ ಐದು ನಿಮಿಷ ನಿಲ್ಲುವುದಿಲ್ಲ? ಆದರೆ ಕಥೆ ಹೇಳುವವರಿಲ್ಲದಿದ್ದರೆ ಅದು ಒಂದು ಸಾಲಿನ ಫಲಕವಿರುವ ಬರಿಯ ಕಲ್ಲು. ಶಾಲಾ ಪ್ರವಾಸದ ಮಕ್ಕಳು ಸಾಲಾಗಿ ಬಂದು ಸಾಲಾಗಿಯೇ ಹೊರಟುಹೋಗುತ್ತಾರೆ. ಸಂಗ್ರಹಾಲಯದ ಕಾರ್ಯಕ್ರಮ ಎಂಬುದು ಅಲಂಕಾರವಲ್ಲ, ಅಗತ್ಯ ಎನ್ನುವುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಕಾರ್ಯಾಗಾರ ಎಂದರೆ ಏನು ನಡೆಯುತ್ತದೆ?

ಕಾರ್ಯಾಗಾರ ಎಂಬ ಪದ ಇತ್ತೀಚೆಗೆ ಸವಕಲಾಗಿದೆ. ಭಾಷಣ, ಹಾರ, ವಂದನಾರ್ಪಣೆ ಮುಗಿಸಿ ಊಟಕ್ಕೆ ಏಳುವುದನ್ನೂ ಕಾರ್ಯಾಗಾರವೆಂದೇ ಕರೆಯುವ ವಾಡಿಕೆ ನಮ್ಮಲ್ಲಿದೆ. ಸಂಗ್ರಹಾಲಯದ ಮಟ್ಟಿಗೆ ಅದರ ಅರ್ಥ ಖಚಿತವಾದದ್ದು: ಎದುರಿಗಿರುವ ಒಂದು ವಸ್ತುವನ್ನು ಹಿಡಿದು, ಬಂದವರ ಕಣ್ಣಿಗೂ ಕೈಗೂ ಕೆಲಸ ಕೊಡುವುದು.

ಕಣ್ಣಿನ ಕೆಲಸಕ್ಕೆ ಪ್ರಸಿದ್ಧವಾದ ಒಂದು ಕ್ರಮವನ್ನು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಶಿಕ್ಷಣ ವಿಭಾಗದ ಮುಖ್ಯಸ್ಥರಾಗಿದ್ದ ಫಿಲಿಪ್ ಯೆನವೈನ್ ಅವರು ಮನೋವಿಜ್ಞಾನಿ ಅಬಿಗೇಲ್ ಹೌಸೆನ್ ಅವರೊಡಗೂಡಿ ರೂಪಿಸಿದರು. ಅದರ ಹುರುಳು ಮೂರೇ ಪ್ರಶ್ನೆ. ಈ ಚಿತ್ರದಲ್ಲಿ ಏನು ನಡೆಯುತ್ತಿದೆ? ಏನನ್ನು ಕಂಡು ಹಾಗೆ ಹೇಳುತ್ತೀರಿ? ಇನ್ನೇನು ಕಾಣುತ್ತಿದೆ? ಮಾರ್ಗದರ್ಶಕನು ಕಲಾವಿದನ ಹೆಸರನ್ನಾಗಲಿ, ಇಸವಿಯನ್ನಾಗಲಿ ಮೊದಲೇ ಹೇಳಿಬಿಡುವುದಿಲ್ಲ. ಉತ್ತರಗಳು ಬಂದವರಿಂದಲೇ ಹೊರಡಬೇಕು. ಆತಕೂರಿನ ಕಲ್ಲಿನ ಮುಂದೆ ಈ ಮೂರು ಪ್ರಶ್ನೆ ಕೇಳಿದರೆ ಹಂದಿ ಮೊದಲೋ ನಾಯಿ ಮೊದಲೋ ಎಂಬ ಜಗಳದಿಂದ ಹಿಡಿದು, ನಾಯಿಗೆ ಕಲ್ಲು ನಿಲ್ಲಿಸುವ ಸಮಾಜ ಎಂಥದ್ದು ಎಂಬಲ್ಲಿಯವರೆಗೆ ಮಾತು ಹರಿಯಬಲ್ಲದು.

ಕೈಯ ಕೆಲಸಕ್ಕೆ ಶಾಸನಗಳೇ ಒಳ್ಳೆಯ ಸಾಮಗ್ರಿ. ಶಾಸನದ ಪಡಿಯಚ್ಚು ತೆಗೆಯುವ ವಿಧಾನ ನೋಡಲು ಸರಳ. ಕಲ್ಲನ್ನು ತೊಳೆದು ಶುಚಿಗೊಳಿಸಿ, ಒದ್ದೆ ಮಾಡಿದ ಕಾಗದವನ್ನು ಅದರ ಮೇಲೆ ಹಾಸಿ, ಗಟ್ಟಿ ಕೂದಲಿನ ಕುಂಚದಿಂದ ಮೆಲ್ಲಗೆ ಬಡಿಯುತ್ತಾರೆ. ಕಾಗದವು ಅಕ್ಷರಗಳ ತಗ್ಗಿಗೆ ಇಳಿಯುತ್ತದೆ. ಅರೆ ಒಣಗಿದ ಮೇಲೆ ಶಾಯಿಯ ಗುಬ್ಬಟೆಯಿಂದ ತಟ್ಟಿದರೆ ಸುತ್ತಲಿನದೆಲ್ಲ ಕಪ್ಪಾಗಿ, ಅಕ್ಷರಗಳು ಬೆಳ್ಳಗೆ ಉಳಿಯುತ್ತವೆ. ಹತ್ತನೆಯ ಶತಮಾನದ ಕನ್ನಡವನ್ನು ಹೀಗೆ ಕಾಗದದ ಮೇಲೆ ಕಂಡ ವಿದ್ಯಾರ್ಥಿಗೆ ತನ್ನ ವರ್ಣಮಾಲೆಯಿಂದ ಬಿಟ್ಟುಹೋಗಿರುವ ಱ ಮತ್ತು ೞ ಅಕ್ಷರಗಳು ಪಾಠವಾಗಿ ಅಲ್ಲ, ಪತ್ತೇದಾರಿಕೆಯಾಗಿ ಸಿಗುತ್ತವೆ.

ಆದರೆ ಇಲ್ಲೊಂದು ತೊಡಕಿದೆ. ಸಂಗ್ರಹಾಲಯದ ಮೂಲ ಶಿಲೆಯ ಮೇಲೆ ನೂರಾರು ಮಂದಿ ಹೀಗೆ ಅಚ್ಚು ತೆಗೆಯುವಂತಿಲ್ಲ, ಬೆರಳಾಡಿಸುವಂತೆಯೂ ಇಲ್ಲ. ಅಂಗೈಯ ಬೆವರಿನಲ್ಲಿರುವ ಉಪ್ಪು ಮತ್ತು ಎಣ್ಣೆಯ ಅಂಶ ಲೋಹಕ್ಕೂ ಕಲ್ಲಿಗೂ ನಿಧಾನವಾಗಿ ಹಾನಿ ಮಾಡುತ್ತದೆ. ಜಲವರ್ಣ ಚಿತ್ರಗಳ ವಿಷಯದಲ್ಲಿ ಬೆಳಕೇ ಶತ್ರು. ಕಾಗದದ ಮೇಲಿನ ಕೃತಿಗಳಿಗೆ ಸುಮಾರು 50 ಲಕ್ಸ್‌ಗಿಂತ ಹೆಚ್ಚಿನ ಬೆಳಕು ಬೀಳಬಾರದೆಂಬುದು ಸಂರಕ್ಷಕರು ಪಾಲಿಸುವ ಮಿತಿ. ಒಮ್ಮೆ ಮಾಸಿದ ಬಣ್ಣ ಕತ್ತಲಲ್ಲಿಟ್ಟರೂ ಮರಳುವುದಿಲ್ಲ. ಹೀಗಾಗಿ 'ಮುಟ್ಟಬೇಡಿ' ಎಂಬ ಫಲಕ ಹಾಕುವುದೂ, 'ಬನ್ನಿ, ಕೈಯಾರೆ ಮಾಡಿ ನೋಡಿ' ಎಂದು ಕರೆಯುವುದೂ ಒಂದೇ ಸಂಸ್ಥೆಯ ಕೆಲಸವಾಗುತ್ತದೆ.

ಇದಕ್ಕೆ ಕಂಡುಕೊಂಡ ದಾರಿ ಪ್ರತಿಕೃತಿ. ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಲ್ಲಿ ಆರಂಭಿಸಿದ ಯೋಜನೆಯಲ್ಲಿ ನಗರ ಮತ್ತು ಸುತ್ತಲಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಂಗ್‌ಗೆ ಒಳಪಡಿಸಲಾಯಿತು. ಕಲ್ಲಿಗೆ ಶಾಯಿ ಸೋಕುವುದಿಲ್ಲ, ಸವೆದ ಅಕ್ಷರವೂ ಗಣಕದ ತೆರೆಯ ಮೇಲೆ ಎದ್ದು ಕಾಣುತ್ತದೆ. ಹೆಬ್ಬಾಳದಲ್ಲಿ ಚರಂಡಿ ಕಾಮಗಾರಿಯ ವೇಳೆ 2018ರಲ್ಲಿ ಹೊರಬಂದ, ಕ್ರಿ.ಶ. 750ರ ಸುಮಾರಿನ ಕಿತ್ತಯ್ಯನ ವೀರಗಲ್ಲು ಉಳಿದದ್ದೂ ಶಾಸನಾಸಕ್ತ ನಾಗರಿಕರ ಓಡಾಟದಿಂದಲೇ. ಕಲ್ಲನ್ನು ಓದಲು ಕಲಿತ ಸಾಮಾನ್ಯ ಜನ ಕಲ್ಲನ್ನು ಕಾಯುವವರೂ ಆಗುತ್ತಾರೆಂಬುದಕ್ಕೆ ಅದು ಸಾಕ್ಷಿ.

ಬಸ್ಸೇರಿದ ವಿಜ್ಞಾನ

ಸರ್ಕಾರಿ ಸಂಗ್ರಹಾಲಯದಿಂದ ನಾಲ್ಕು ಹೆಜ್ಜೆ ಹೋದರೆ ವಿಶ್ವೇಶ್ವರಯ್ಯ ಸಂಗ್ರಹಾಲಯ. 1962ರಲ್ಲಿ ಪ್ರಧಾನಿ ನೆಹರೂ ಉದ್ಘಾಟಿಸಿದ ಕಟ್ಟಡವಿದು. ಇಲ್ಲಿ ಗುಂಡಿ ಒತ್ತುವುದು, ಹಿಡಿಕೆ ತಿರುಗಿಸುವುದು ಅಪರಾಧವಲ್ಲ, ಪ್ರದರ್ಶನದ ಉದ್ದೇಶವೇ ಅದು. ರಾಷ್ಟ್ರೀಯ ವಿಜ್ಞಾನ ಸಂಗ್ರಹಾಲಯಗಳ ಮಂಡಳಿಯ ಅಂಗವಾಗಿರುವುದರಿಂದ ಬೇಸಗೆ ಶಿಬಿರ, ವಿಜ್ಞಾನ ಮೇಳ, ಆಕಾಶ ವೀಕ್ಷಣೆ, ಶಿಕ್ಷಕರ ತರಬೇತಿ ಮುಂತಾದವು ಇದರ ನಿತ್ಯದ ಕೆಲಸಗಳ ಪಟ್ಟಿಯಲ್ಲೇ ಇವೆ. ಪ್ರದರ್ಶಿಕೆಗಳನ್ನು ಬಸ್ಸಿಗೇರಿಸಿ ಹಳ್ಳಿಯ ಶಾಲೆಯ ಅಂಗಳಕ್ಕೆ ಒಯ್ಯುವ ಸಂಚಾರಿ ಪ್ರದರ್ಶನವನ್ನು ಈ ಮಂಡಳಿಯ ಸಂಗ್ರಹಾಲಯಗಳು ದಶಕಗಳಿಂದ ನಡೆಸಿಕೊಂಡು ಬಂದಿವೆ. ಇಂದು ಹೊಸತೆಂಬಂತೆ ಚರ್ಚೆಯಾಗುತ್ತಿರುವ 'ಜನರ ಬಳಿಗೆ ಸಂಗ್ರಹಾಲಯ' ಎಂಬ ಕಲ್ಪನೆಯನ್ನು ವಿಜ್ಞಾನದವರು ಕಲೆಯವರಿಗಿಂತ ಬಹಳ ಮೊದಲೇ ಕಾರ್ಯರೂಪಕ್ಕೆ ತಂದರು ಎಂಬುದು ಗಮನಾರ್ಹ.

ಗ್ಯಾಲರಿ ಯಾರದು?

ಕಲೆಯ ವಿಷಯಕ್ಕೆ ಬಂದರೆ ಮಾತು ಸ್ವಲ್ಪ ಬಿಸಿಯಾಗುತ್ತದೆ. ಮೈಸೂರಿನ ಚಿತ್ರಗಾರ ಮನೆತನದಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯನಾಗಿ, ಊಟಿ ಮತ್ತು ಕೊಡೈಕೆನಾಲ್‌ಗಳ ಮಂಜನ್ನು ಜಲವರ್ಣದಲ್ಲಿ ಹಿಡಿದ, ವೀಣೆಯನ್ನೂ ಸಾಧಿಸಿದ್ದ ಕೆ. ವೆಂಕಟಪ್ಪ 1965ರಲ್ಲಿ ತೀರಿಕೊಂಡರು. ಅವರ ಹೆಸರಿನ ಗ್ಯಾಲರಿ ಸರ್ಕಾರಿ ಸಂಗ್ರಹಾಲಯದ ಪಕ್ಕದಲ್ಲೇ ಎದ್ದಿತು. ವೆಂಕಟಪ್ಪನವರ ಕೃತಿಗಳಲ್ಲದೆ ಕೆ.ಕೆ. ಹೆಬ್ಬಾರರ ಚಿತ್ರಗಳೂ ಇಲ್ಲಿಯ ಸಂಗ್ರಹಕ್ಕೆ ಸೇರಿದವು. ಅದಕ್ಕಿಂತಲೂ ಮುಖ್ಯವಾಗಿ, ಕಡಿಮೆ ಬಾಡಿಗೆಗೆ ದೊರೆಯುತ್ತಿದ್ದ ಇಲ್ಲಿನ ಸಭಾಂಗಣ ನಾಡಿನ ಮೂಲೆಮೂಲೆಯ ಯುವ ಕಲಾವಿದರಿಗೆ ರಾಜಧಾನಿಯಲ್ಲಿ ಮೊದಲ ಪ್ರದರ್ಶನದ ಜಾಗವಾಗಿತ್ತು.

ಪ್ರವಾಸಿ ತಾಣಗಳನ್ನು ಖಾಸಗಿಯವರಿಗೆ ದತ್ತು ನೀಡುವ ಸರ್ಕಾರದ ಯೋಜನೆಯಡಿ ಈ ಗ್ಯಾಲರಿಯನ್ನು ತಸ್ವೀರ್ ಪ್ರತಿಷ್ಠಾನದ ಸಹಭಾಗಿತ್ವಕ್ಕೆ ಒಪ್ಪಿಸುವ ಒಪ್ಪಂದ 2015ರಲ್ಲಿ ಆಯಿತು. ಕಲಾವಿದರು ಸಿಡಿದೆದ್ದರು. 2016ರಲ್ಲಿ ನಡೆದ ಆ ಪ್ರತಿಭಟನೆ ಘೋಷಣೆಗಳಿಗಷ್ಟೇ ನಿಲ್ಲಲಿಲ್ಲ, ಗ್ಯಾಲರಿಯ ಅಂಗಳದಲ್ಲಿ ಚಿತ್ರ ಬರೆದರು, ಹಾಡಿದರು, ಅಭಿನಯಿಸಿದರು. ಗ್ಯಾಲರಿಯನ್ನು ಉಳಿಸಿಕೊಳ್ಳುವ ಹೋರಾಟವೇ ಆ ಗ್ಯಾಲರಿ ಕಂಡ ಅತ್ಯಂತ ಜೀವಂತ ಸಾರ್ವಜನಿಕ ಕಾರ್ಯಕ್ರಮಗಳಲ್ಲಿ ಒಂದಾಯಿತೆಂದರೆ ಅತಿಶಯವಾಗದು.

ಒಪ್ಪಂದ ಕಾರ್ಯಗತವಾಗಲಿಲ್ಲ. ಅದರ ರೂವಾರಿ ಅಭಿಷೇಕ್ ಪೊದ್ದಾರ್ ಅದೇ ಕಸ್ತೂರಬಾ ರಸ್ತೆಯಲ್ಲಿ ಬೇರೆ ನಿವೇಶನದಲ್ಲಿ ಕಲೆ ಮತ್ತು ಛಾಯಾಗ್ರಹಣ ಸಂಗ್ರಹಾಲಯವನ್ನು ಕಟ್ಟಿದರು. ಉಕ್ಕಿನ ನೀರಿನ ತೊಟ್ಟಿಯಂತೆ ತೋರುವ ಆ ಐದು ಅಂತಸ್ತಿನ ಕಟ್ಟಡ 2023ರ ಫೆಬ್ರವರಿಯಲ್ಲಿ ಸಾರ್ವಜನಿಕರಿಗೆ ತೆರೆಯಿತು. ಇಲ್ಲಿ ಸಭಾಂಗಣವಿದೆ, ಗ್ರಂಥಾಲಯವಿದೆ, ಸಂರಕ್ಷಣಾ ಪ್ರಯೋಗಾಲಯವಿದೆ. ದೃಷ್ಟಿ ಇಲ್ಲದವರು ಸ್ಪರ್ಶಿಸಿ ಅರಿಯಬಹುದಾದ ಪ್ರತಿಕೃತಿಗಳಿವೆ. ಕಾರ್ಯಾಗಾರ, ಮಾತುಕತೆ, ಮಕ್ಕಳ ಚಟುವಟಿಕೆಗಳು ಸಂಸ್ಥೆಯ ನಕಾಶೆಯಲ್ಲೇ ಸೇರಿವೆ, ನಂತರ ಅಂಟಿಸಿದವಲ್ಲ. ಸಂಗ್ರಹಾಲಯವೊಂದನ್ನು ಹೀಗೂ ನಡೆಸಬಹುದೆಂದು ತೋರಿಸಿದ ಶ್ರೇಯಸ್ಸು ಅದಕ್ಕೆ ಸಲ್ಲಬೇಕು.

ಹಾಗೆಂದು ಕಲಾವಿದರ ಆತಂಕ ಸುಳ್ಳಾಯಿತೆಂದು ಅರ್ಥವಲ್ಲ. ಖಾಸಗಿ ಸಂಸ್ಥೆ ಯಾರನ್ನು ಕರೆಯಬೇಕೆಂಬುದನ್ನು ತಾನೇ ನಿರ್ಧರಿಸುತ್ತದೆ. ಸರ್ಕಾರಿ ಗ್ಯಾಲರಿಯ ಮೇಲೆ ಕಲಬುರಗಿಯ ಹೊಸ ಕಲಾವಿದನಿಗೂ ಹಕ್ಕಿದೆ. ಇವೆರಡರ ನಡುವಿನ ವ್ಯತ್ಯಾಸ ಸಣ್ಣದಲ್ಲ. ವಿಪರ್ಯಾಸವೆಂದರೆ, ಹಕ್ಕು ಇರುವ ಕಡೆ ಕಾರ್ಯಕ್ರಮಗಳು ಬಹುಮಟ್ಟಿಗೆ ದಿನಾಚರಣೆಗಳಿಗೆ ಸೀಮಿತ. ಮೇ 18ರ ಅಂತಾರಾಷ್ಟ್ರೀಯ ಸಂಗ್ರಹಾಲಯ ದಿನ, ನವೆಂಬರ್ 19ರಿಂದ 25ರವರೆಗಿನ ವಿಶ್ವ ಪರಂಪರೆ ಸಪ್ತಾಹ, ಮುಗಿಯಿತು! ಕಾರ್ಯಕ್ರಮಗಳು ತುಂಬಿ ತುಳುಕುವ ಕಡೆ ಮುಂಗಡ ನೋಂದಣಿ, ಎಷ್ಟೋ ವೇಳೆ ಶುಲ್ಕ, ಬಹುತೇಕ ಇಂಗ್ಲಿಷು.

ಭಾಷೆಯ ಹೊಸ್ತಿಲು

ಇಂಗ್ಲಿಷಿನ ಮಾತು ಬಂದದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಬಾಗಿಲಿನಲ್ಲಿ ಕಾವಲುಗಾರ ತಡೆಯುವುದಿಲ್ಲ, ನಿಜ. ಆದರೆ ಒಳಗಿನ ಚರ್ಚೆ ತನ್ನ ಭಾಷೆಯಲ್ಲಿ ಇಲ್ಲವೆಂದು ಗೊತ್ತಾದ ಕ್ಷಣವೇ ಅರ್ಧ ಊರು ಹೊಸ್ತಿಲಿನಾಚೆ ಉಳಿಯುತ್ತದೆ. ಕನ್ನಡದಲ್ಲಿ ಕಲಾವಿಮರ್ಶೆಯ ಪರಿಭಾಷೆ ಇಲ್ಲವೆಂಬ ಸಬೂಬು ಒಪ್ಪುವಂಥದ್ದಲ್ಲ. ವೀರಗಲ್ಲು, ತೊಗಲುಗೊಂಬೆ, ಗಂಜೀಫಾ, ಕಸೂತಿ, ಚಿತ್ತಾರ: ಸಂಗ್ರಹದ ವಸ್ತುಗಳ ಹೆಸರುಗಳೇ ಕನ್ನಡದಲ್ಲಿ ಬದುಕುತ್ತಿರುವಾಗ ವಿವರಣೆಗೆ ಮಾತ್ರ ಮಾತು ಸಿಗುವುದಿಲ್ಲವೇ? ಮಲೆನಾಡಿನ ಹಸೆ ಚಿತ್ತಾರದ ಕಾರ್ಯಾಗಾರದಲ್ಲಿ ಚಿತ್ತಾರ ಬರೆಯುವ ಹೆಣ್ಣುಮಗಳು ಮೌನವಾಗಿ ಗೆರೆ ಎಳೆಯುತ್ತಿರಬೇಕು, ವಿವರಣೆಯನ್ನು ಇನ್ನೊಬ್ಬರು ಇಂಗ್ಲಿಷಿನಲ್ಲಿ ಕೊಡಬೇಕು ಎಂಬ ಏರ್ಪಾಟಿನಲ್ಲಿ ಏನೋ ತಲೆಕೆಳಗಾಗಿದೆ.

ಈ ಹೊಸ್ತಿಲನ್ನು ತಗ್ಗಿಸಿದ ಉದಾಹರಣೆಗಳೂ ಬೆಂಗಳೂರಿನಲ್ಲೇ ಇವೆ. ಎಂ.ಎಸ್. ನಂಜುಂಡರಾವ್ ಮತ್ತಿತರರು 1960ರಲ್ಲಿ ಕಟ್ಟಿದ ಕರ್ನಾಟಕ ಚಿತ್ರಕಲಾ ಪರಿಷತ್ತು ವರ್ಷದ ಆರಂಭದ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆಸುತ್ತದೆ. 2023ರ ಜನವರಿಯಲ್ಲಿ ಅದಕ್ಕೆ 20ನೆಯ ಆವೃತ್ತಿ. ಟಿಕೆಟ್ಟಿಲ್ಲ, ನೋಂದಣಿಯಿಲ್ಲ. ರಸ್ತೆಬದಿಯಲ್ಲೇ ಕುಳಿತ ಕಲಾವಿದ ಎದುರಿಗೆ ಕೂತವರ ಮುಖ ಬರೆದುಕೊಡುತ್ತಾನೆ, ಚೌಕಾಸಿಯೂ ನಡೆಯುತ್ತದೆ. 'ಸಂತೆ' ಎಂಬ ಒಂದು ಪದವೇ ಜನರ ಅಳುಕನ್ನು ಅರ್ಧ ಕಳೆದುಬಿಟ್ಟಿತು. ಅಂದಹಾಗೆ, ಅದೇ ಪರಿಷತ್ತಿನ ಒಳಗಿರುವ ತೊಗಲುಗೊಂಬೆಗಳ ಅಪೂರ್ವ ಸಂಗ್ರಹವನ್ನು ಸಂತೆಗೆ ಬಂದ ಎಷ್ಟು ಮಂದಿ ನೋಡಿರಬಹುದು ಎಂಬುದು ಬೇರೆಯೇ ಪ್ರಶ್ನೆ.

ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಲ್ಲಿ ಆರಂಭವಾದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಜೆ.ಪಿ. ನಗರದಲ್ಲಿ 2019ರಲ್ಲಿ ತೆರೆದ, ನಾದದ ತೋಟದಲ್ಲಿ ಮಕ್ಕಳು ತಾವೇ ಬಾರಿಸಿ ನೋಡಬಹುದಾದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಸಂಗ್ರಹಾಲಯ ಇವೂ ಇದೇ ಸಾಲಿನಲ್ಲಿವೆ. ಬಳ್ಳಾರಿ ರಸ್ತೆಯ ಸೈನ್ಸ್ ಗ್ಯಾಲರಿ 2024ರ ಜನವರಿಯಲ್ಲಿ 'ಕಾರ್ಬನ್' ಪ್ರದರ್ಶನದೊಂದಿಗೆ ತನ್ನ ಕಟ್ಟಡವನ್ನು ಜನರಿಗೆ ತೆರೆಯಿತು. ಪ್ರವೇಶ ಉಚಿತ. ಅದು ಕಾಯಂ ಸಂಗ್ರಹವನ್ನೇ ಇಟ್ಟುಕೊಂಡಿಲ್ಲ. ಅದರ ಬಂಡವಾಳವೆಲ್ಲ ಪ್ರದರ್ಶಿಕೆಯ ಪಕ್ಕದಲ್ಲಿ ನಿಂತು ಬಂದವರೊಡನೆ ಮಾತಿಗಿಳಿಯಲು ತರಬೇತಿ ಪಡೆದ ಯುವಕ ಯುವತಿಯರು. ಹಳೆಯ ಸಂಗ್ರಹಾಲಯದಲ್ಲಿ ವಸ್ತುವುಂಟು, ಮಾತಿನವರಿಲ್ಲ. ಇಲ್ಲಿ ತದ್ವಿರುದ್ಧ.

ರಾಜಧಾನಿಯ ಹೊರಗೆ

ಬೆಂಗಳೂರು ಬಿಟ್ಟರೆ ಬೇರೆಲ್ಲೂ ಇಂಥದ್ದಿಲ್ಲವೆಂದು ತಿಳಿಯುವುದು ತಪ್ಪು. ಮೈಸೂರಿನ ವೆಲ್ಲಿಂಗ್ಟನ್ ಹೌಸ್‌ನಲ್ಲಿರುವ ಇಂದಿರಾಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯದ ದಕ್ಷಿಣ ಕೇಂದ್ರವು ಬುಡಕಟ್ಟು ಮತ್ತು ಜನಪದ ಕುಶಲಕರ್ಮಿಗಳನ್ನೇ ಗುರುಗಳನ್ನಾಗಿ ಕೂರಿಸಿ ಆಸಕ್ತರಿಗೆ ಕಲಿಸುವ ಪದ್ಧತಿ ಬೆಳೆಸಿದೆ. ಇಲ್ಲಿ ಮಾಡುವವನೇ ಮಾತಾಡುತ್ತಾನೆ. ಕಾರಂಜಿ ಕೆರೆಯ ದಂಡೆಯಲ್ಲಿ 1995ರಲ್ಲಿ ಆರಂಭವಾದ ಪ್ರಾದೇಶಿಕ ನಿಸರ್ಗ ಇತಿಹಾಸ ಸಂಗ್ರಹಾಲಯದಲ್ಲಿ ಮಕ್ಕಳ ಬೇಸಗೆ ಚಟುವಟಿಕೆಗಳಿವೆ. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವು ಬೀಸುವ ಕಲ್ಲು, ನೇಗಿಲುಗಳನ್ನು ಗಾಜಿನ ಹಿಂದಿಟ್ಟು ಸುಮ್ಮನಾಗಲಿಲ್ಲ. ಕುಣಿತ, ಹಾಡು, ಗಾಳಿಪಟದ ಉತ್ಸವಗಳನ್ನೂ ಜೊತೆಗಿಟ್ಟುಕೊಂಡಿತು. ಮೈಸೂರು ರಸ್ತೆಯಲ್ಲಿ ಹೋಗುವ ಕುಟುಂಬಗಳು ಅಲ್ಲಿ ಇಳಿಯುವುದು ಇದರಿಂದಲೇ.

ಜಿಲ್ಲೆಗಳಲ್ಲಿ ಇರುವ ಸರ್ಕಾರಿ ಸಂಗ್ರಹಾಲಯಗಳದ್ದು ಬೇರೆ ಕಥೆ. ಶಿವಮೊಗ್ಗದ ಶಿವಪ್ಪನಾಯಕನ ಅರಮನೆ, ಚಿತ್ರದುರ್ಗ, ಹಾಸನ ಮುಂತಾದೆಡೆ ಆಯಾ ಸೀಮೆಯ ಶಿಲ್ಪ ಶಾಸನಗಳು ಕೂಡಿಟ್ಟಿವೆ. ಅಲ್ಲಿಗೆ ವಾರಾಂತ್ಯದ ನೋಂದಣಿ ಕಾರ್ಯಾಗಾರ ಬರುವುದು ಸದ್ಯಕ್ಕೆ ದೂರದ ಮಾತು. ಆದರೆ ಕಾರ್ಯಾಗಾರಕ್ಕೆ ಬೇಕಾದದ್ದು ಎಷ್ಟು? ಹಂಪಿಗೆ ಹೋಗುವವರು ಕಮಲಾಪುರದ ಪುರಾತತ್ವ ಸಂಗ್ರಹಾಲಯದ ಅಂಗಳದಲ್ಲಿರುವ ಹಂಪಿಯ ಮಾದರಿಯನ್ನು ನೋಡಿರುತ್ತಾರೆ. ಬೆಟ್ಟ, ನದಿ, ದೇಗುಲ, ಕೋಟೆ ಎಲ್ಲವೂ ಒಂದೇ ನೋಟಕ್ಕೆ ಸಿಗುವ ಆ ಮಾದರಿಯ ಸುತ್ತ ಮಕ್ಕಳನ್ನು ನಿಲ್ಲಿಸಿ, ಶತ್ರು ಸೈನ್ಯ ಯಾವ ಕಡೆಯಿಂದ ಬರುವುದು ಸುಲಭ, ನೀರು ಎಲ್ಲಿಂದ ಬರುತ್ತಿತ್ತು ಎಂದು ಕೇಳಬಲ್ಲ ಒಬ್ಬ ಮೇಷ್ಟ್ರು ಇದ್ದರೆ ಅದೇ ಕಾರ್ಯಾಗಾರ.

ಹೋಗುವವರಿಗೆ ಕೆಲವು ಸೂಚನೆಗಳು. ಅನೇಕ ಸಂಗ್ರಹಾಲಯಗಳಿಗೆ ಸೋಮವಾರ ರಜೆ. ದುರಸ್ತಿ, ನವೀಕರಣಗಳಿಗಾಗಿ ತಿಂಗಳುಗಟ್ಟಲೆ ಮುಚ್ಚಿರುವುದೂ ಉಂಟು, ಆದ್ದರಿಂದ ಹೊರಡುವ ಮುನ್ನ ದೂರವಾಣಿ ಮಾಡಿ ವಿಚಾರಿಸುವುದು ಕ್ಷೇಮ. ಶಾಲೆಯ ಗುಂಪನ್ನು ಕರೆದೊಯ್ಯುವವರು ಕ್ಯುರೇಟರ್ ಅವರಿಗೆ ಮುಂಚಿತವಾಗಿ ಪತ್ರ ಬರೆದು, ಮಕ್ಕಳ ಸಂಖ್ಯೆ, ತರಗತಿ ಮತ್ತು ವಿವರಣೆ ಕನ್ನಡದಲ್ಲಿ ಬೇಕೆಂಬುದನ್ನು ಸ್ಪಷ್ಟವಾಗಿ ತಿಳಿಸುವುದೊಳಿತು. ಒಂದೇ ದಿನದಲ್ಲಿ ಎಲ್ಲ ಕೊಠಡಿಗಳನ್ನೂ ಸುತ್ತಿಸುವ ಹಟ ಬೇಡ, ಎರಡು ಮೂರು ವಸ್ತುಗಳು ಸಾಕು. ಫ್ಲಾಷ್ ಬಳಸುವಂತಿಲ್ಲ. ಚಿತ್ರ ಬರೆಯಲು ಪೆನ್ಸಿಲ್ ಮಾತ್ರ ಒಯ್ಯಬೇಕು. ಪೆನ್ನಿನ ಶಾಯಿ ಕೃತಿಯ ಮೇಲೆ ಒಂದು ಹನಿ ಸಿಡಿದರೂ ತೆಗೆಯಲು ಸಂರಕ್ಷಕರು ಪಡಿಪಾಟಲು ಪಡಬೇಕಾಗುತ್ತದೆ.